ಹಾಡು ಬದಲಾದಾಗ ಕೇಳುಗ ಏನು ಮಾಡುತ್ತಾನೆ?

(ಕಡಗಂಚಿಯಲ್ಲಿ ಆಡಿದ ಮಾತುಗಳ ಬರಹರೂಪ)



ಸಂಗೀತದ ಹುಚ್ಚು ಹಿಡಿದವರಲ್ಲಿ ಎರಡು ಬಗೆಯ ಜನರನ್ನು ನೀವೆಲ್ಲ ನೋಡಿದ್ದೀರಿ. ಒಬ್ಬ, ಮೂವತ್ತು ವರ್ಷ ಕಳೆದರೂ ತನ್ನ ಗಾಯಕನ ಹೆಸರು ಕಿವಿಗೆ ಬಿದ್ದೊಡನೆ ಎದ್ದು ಕೂಡುತ್ತಾನೆ. ಇನ್ನೊಬ್ಬನೂ ಅಷ್ಟೇ ಹಚ್ಚಿಕೊಂಡವನು. ಒಂದು ದಿನ 'ಮೊದಲಿನ ಹಾಂಗ ಇಲ್ರಿ' ಎಂದು ನಡೆದುಬಿಡುತ್ತಾನೆ. ಎದ್ದು ಹೋದವನನ್ನು ಚಂಚಲ ಎಂದು ಬೈಯುವುದು ವಾಡಿಕೆ. ನನಗೆ ಹಾಗನ್ನಿಸುವುದಿಲ್ಲ. ಬಹಳ ಸಲ ಹೆಚ್ಚು ಪ್ರೀತಿಸಿದವನೇ ಅವನು. ಆದರೆ ಅವನು ಪ್ರೀತಿಸಿದ್ದು ಏನನ್ನು?

ಗಂಗೂಬಾಯಿ ಹಾನಗಲ್ಲರನ್ನು ನೆನೆಯೋಣ. 1930ರ ದಶಕದಲ್ಲಿ 'ಗಾಂಧಾರಿ ಹುಬ್ಬಳ್ಳಿ' ಎಂಬ ಹೆಸರಿನಲ್ಲಿ ಅವರ ಗ್ರಾಮಫೋನ್ ತಟ್ಟೆಗಳು ಬಂದವು. ಅವುಗಳಲ್ಲಿರುವುದು ತೆಳ್ಳನೆಯ, ಎತ್ತರದ ಹೆಣ್ಣುದನಿ. ಮುಂದೆ ಗಂಟಲ ಬೇನೆಗೆ ಚಿಕಿತ್ಸೆಯಾದ ಮೇಲೆ ಆ ದನಿ ಇಳಿದು, ಗಂಡಸಿನದೆನ್ನುವಷ್ಟು ಗಡುಸಾಯಿತು. ತಟ್ಟೆಯ ದನಿಗೆ ಮನಸೋತವನಿಗೆ ಇದು ಪೆಟ್ಟೇ ಸರಿ. ಆದರೆ ಕುಂದಗೋಳದ ಸವಾಯಿ ಗಂಧರ್ವರಿಂದ ಅವರು ಕಲಿತ ಕಿರಾಣಾ ಘರಾಣೆಯ ನಡೆ, ಒಂದೊಂದೇ ಸ್ವರವನ್ನು ಸಾವಧಾನವಾಗಿ ಬಿಡಿಸುವ ಆ ತಾಳ್ಮೆ, ಎಲ್ಲಿಗೂ ಹೋಗಿರಲಿಲ್ಲ. ಅದನ್ನು ಹಿಡಿದುಕೊಂಡವರು 2009ರಲ್ಲಿ ಅವರು ತೀರಿಕೊಳ್ಳುವವರೆಗೂ ಜೊತೆಗಿದ್ದರು. ಬದಲಾದ ಆ ದನಿಯೇ ಕೊನೆಗೆ ಅವರ ಗುರುತಾಯಿತು.

ಇಲ್ಲಿ ತಟ್ಟೆಯದೂ ಒಂದು ಪಾಲಿದೆ. ಒಂದು ಬದಿಗೆ ಮೂರು ನಿಮಿಷವಷ್ಟೇ ಹಾಡುವ ಆ ಯಂತ್ರ ಗಾಯಕನ ಒಂದು ವಯಸ್ಸನ್ನು ಹಿಡಿದು ನಿಲ್ಲಿಸಿಬಿಟ್ಟಿತು. ತಟ್ಟೆ ಮುಪ್ಪಾಗುವುದಿಲ್ಲ, ಮನುಷ್ಯ ಆಗುತ್ತಾನೆ. ಅಭಿಮಾನಿ ಮನೆಯಲ್ಲಿ ತಟ್ಟೆ ಕೇಳಿ, ಸಭೆಯಲ್ಲಿ ಮನುಷ್ಯನನ್ನು ಕೇಳಿ, ತಾಳೆ ನೋಡಿ ಮುನಿಸಿಕೊಳ್ಳುತ್ತಾನೆ. ಅದನ್ನು ಮೊದಲು ಕೇಳಿದಾಗ ತಾನಿದ್ದ ವಯಸ್ಸನ್ನೂ ಅವನು ಆ ಹಾಡಿನೊಳಗೆ ಇಟ್ಟಿರುತ್ತಾನೆ. ಅದನ್ನು ಯಾವ ಗವಾಯಿ ತಾನೆ ತಿರುಗಿ ಕೊಟ್ಟಾನು?

ಇನ್ನೂ ಗಟ್ಟಿಯಾದ ಉದಾಹರಣೆ ಕುಮಾರ ಗಂಧರ್ವರದು. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ, ದೊಡ್ಡ ದೊಡ್ಡ ಉಸ್ತಾದರ ತಟ್ಟೆಗಳನ್ನು ಕೇಳಿ ಇದ್ದದ್ದು ಇದ್ದ ಹಾಗೆ ಹಾಡುತ್ತಿದ್ದ ಹುಡುಗ. ಜನ ಬೆರಗಾಗಿ ಕೇಳಿದರು. ಮುಂದೆ ಕ್ಷಯರೋಗ ತಗುಲಿತು. 1948ರಲ್ಲಿ ಮಾಳವ ಸೀಮೆಯ ದೇವಾಸಕ್ಕೆ ಹೋಗಿ ವರ್ಷಗಟ್ಟಲೆ ಹಾಡದೆ ಮಲಗಿದರು. ಎದ್ದು ಬಂದಾಗ ಒಂದು ಶ್ವಾಸಕೋಶ ಕೆಟ್ಟಿತ್ತು. ಗಾಯನ ಚಿಕ್ಕ ಚಿಕ್ಕ ತುಣುಕುಗಳ, ನಡುನಡುವೆ ಮೌನವಿರುವ ಗಾಯನವಾಗಿತ್ತು. ಹಳೆಯ ಅಭಿಮಾನಿಗೆ ತಾನು ಮೆಚ್ಚಿದ ಹುಡುಗ ಕಳೆದುಹೋಗಿದ್ದ. ಸಂಪ್ರದಾಯದವರು ಘರಾಣೆಯ ಶಿಸ್ತು ತಪ್ಪಿತೆಂದು ತಕರಾರು ತೆಗೆದರು. ಅವರ ಮಾತನ್ನು ಪೂರ್ತಿ ತಳ್ಳಿಹಾಕಲಾಗದು. ಶಿಸ್ತೂ ಒಂದು ಪ್ರೀತಿಯೇ.

ಆದರೆ ಹಾಸಿಗೆ ಹಿಡಿದ ಆ ದಿನಗಳಲ್ಲಿ ಮಾಳವದ ಹಳ್ಳಿ ಹಾಡುಗಳೂ, ಏಕತಾರಿ ಹಿಡಿದ ನಾಥಪಂಥದ ಜೋಗಿಗಳ ನಿರ್ಗುಣ ಪದಗಳೂ ಅವರ ಕಿವಿಗೆ ಬಿದ್ದಿದ್ದವು. ಮುಂದೆ ಅವರು ಹಾಡಿದ ಕಬೀರ ಈ ಕೇಳ್ಮೆಯಿಂದ ಬಂದವನು. ಕಡಗಂಚಿಯವರಿಗೆ ಏಕತಾರಿಯ ವಿಷಯ ನಾನು ಹೇಳಬೇಕೆ? ಅಫಜಲಪುರ ಸೀಮೆಯಲ್ಲಿ ಹುಟ್ಟಿ ಜೇವರ್ಗಿ ಸೀಮೆಯ ಕಡಕೋಳದಲ್ಲಿ ನೆಲೆಸಿದ ಮಡಿವಾಳಪ್ಪನವರ ತತ್ವಪದಗಳು ಆ ನಿರ್ಗುಣ ಪದಗಳ ದಾಯಾದಿಗಳು. ಚೆನ್ನೂರಿನ ಜಲಾಲ್ ಸಾಹೇಬರು, ಖೈನೂರಿನ ಕೃಷ್ಣಪ್ಪನವರು ಅದೇ ಗುರುವಿನ ಶಿಷ್ಯರು. ಇವರ ಕಾಲದಲ್ಲಿ ತಟ್ಟೆಗಳಿರಲಿಲ್ಲ. ಮಡಿವಾಳಪ್ಪನವರ ದನಿ ಹೇಗಿತ್ತೆಂದು ಇಂದು ಯಾರಿಗೂ ಗೊತ್ತಿಲ್ಲ. ಆದರೂ ಪದ ಉಳಿದಿದೆ, ಕೇಳುವವರೂ ಉಳಿದಿದ್ದಾರೆ.

ಭಜನೆಯಲ್ಲಿ ಒಬ್ಬ ಪದ ಎತ್ತುತ್ತಾನೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ಕೇಳುವವನೂ ಅರ್ಧ ಹಾಡುಗಾರ. ಮುಂದಿನವನ ಗಂಟಲು ಕಟ್ಟಿದರೆ ಪಕ್ಕದವನು ಎತ್ತಿಕೊಳ್ಳುತ್ತಾನೆ. ಇಂಥ ಕೇಳುಗನಿಗೆ ಗಾಯಕನ ಮೇಲೆ ಮುನಿಸಿಕೊಳ್ಳಲು ಕಾರಣ ಕಡಿಮೆ.

ಕಡಿಮೆ ಎಂದೆ, ಇಲ್ಲವೆನ್ನಲಿಲ್ಲ. ಸಿನಿಮಾ ಹಾಡಿನ ಧಾಟಿಗೆ ಪದ ಕೂಡಿಸಿ, ಕೀಬೋರ್ಡಿನ ಅಬ್ಬರದಲ್ಲಿ ಮಾತೇ ಕೇಳಿಸದಂತೆ ಮಾಡಿದಾಗ ಹಿರಿಯರು ಎದ್ದು ಹೋಗುತ್ತಾರಲ್ಲ, ಅವರನ್ನು ಹಳೇ ಕಾಲದವರೆಂದು ನಗಬೇಡಿ. ಧಾಟಿ ಹೊಸದಾಯಿತೆಂದಷ್ಟೇ ಎದ್ದವರಾದರೆ ಕೈಹಿಡಿದು ಕೂಡಿಸಬಹುದು. ಮಾತು ಮುಳುಗಿತೆಂದು ಎದ್ದವರ ದೂರು ಬೇರೆ. ತತ್ವಪದದಲ್ಲಿ ಮಾತೇ ಹೋದರೆ ಅವರು ಯಾವುದಕ್ಕಾಗಿ ಕೂಡಬೇಕು?

ಈಗ ನನ್ನ ಮಾತು ಮುಗಿಸಿದರೆ ಭಜನೆ ಶುರುವಾಗುತ್ತದಂತೆ. ಧ್ವನಿವರ್ಧಕ ಹಚ್ಚುವ ತಮ್ಮನಿಗೆ ಒಂದು ವಿನಂತಿ: ಏಕತಾರಿಗೂ ಹಾಡುವವರ ಬಾಯಿಗೂ ಮೈಕು ಹತ್ತಿರವಿರಲಿ, ಉಳಿದದ್ದನ್ನು ಸ್ವಲ್ಪ ದೂರ ಇಡಪ್ಪಾ.