ಕಾಣುವವರು ಒಬ್ಬರು, ಕಾಣದವರು ಹದಿನೆಂಟು ಮಂದಿ



“ನಮ್ಮಿಬ್ಬರಿಗೂ ಏನೂ ಇಲ್ಲ, ಮಗುವಿಗೆ ಎಲ್ಲಿಂದ ಬಂತು ಸಿಸ್ಟರ್?” ಸಿಕಲ್ ಸೆಲ್, ಅಂದರೆ ಕುಡುಗೋಲು ಕಣ ರಕ್ತಹೀನತೆ ಇರುವ ಮಕ್ಕಳ ಹೆತ್ತವರು ಕೇಳುವ ಪ್ರಶ್ನೆ ಇದು. ಈ ರೋಗದಲ್ಲಿ ದುಂಡಗಿನ ರಕ್ತಕಣ ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ತೀವ್ರ ನೋವು ಕೊಡುತ್ತದೆ. ರಕ್ತವೂ ಕಡಿಮೆಯಾಗುತ್ತದೆ. ಭಾರತದಲ್ಲಿ ಇದು ಬೆಳಕಿಗೆ ಬಂದದ್ದು 1952ರಲ್ಲಿ, ಗುಂಡ್ಲುಪೇಟೆಯ ಆಚೆಗಿರುವ ನೀಲಗಿರಿಯ ಗಿರಿಜನರಲ್ಲಿ. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲೂ ಇದೆ.

ಈಗ ಒಂದು ಲೆಕ್ಕ ಹಾಕೋಣ. ಪ್ರತಿಯೊಬ್ಬರಿಗೂ ಈ ವಂಶವಾಹಿ ಎರಡು: ತಾಯಿಯಿಂದ ಒಂದು, ತಂದೆಯಿಂದ ಒಂದು. ಹಾಗಾದರೆ 100 ಜನರಿರುವ ಊರಿನಲ್ಲಿ 200 ವಂಶವಾಹಿ. ಅವನ್ನು ಹುರುಳಿ ಕಾಳು ಎಂದುಕೊಳ್ಳಿ. ಉದಾಹರಣೆಗೆ 180 ಕೆಂಪು, 20 ಕಪ್ಪು. ಅಂದರೆ ಕಪ್ಪು ಹತ್ತರಲ್ಲಿ ಒಂದು. ಕಪ್ಪು ಕಾಳೇ ರೋಗದ ವಂಶವಾಹಿ.

ಮಗುವಿಗೆ ಎರಡೂ ಕಪ್ಪು ಸಿಗುವುದು ಹತ್ತರಲ್ಲಿ ಒಂದರ ಹತ್ತರಲ್ಲಿ ಒಂದು: ನೂರಕ್ಕೆ 1. ಇವರೇ ರೋಗಿಗಳು. ಎರಡೂ ಕೆಂಪು ನೂರಕ್ಕೆ 81. ಉಳಿದ 18 ಮಂದಿಗೆ ಒಂದು ಕೆಂಪು, ಒಂದು ಕಪ್ಪು. ಇವರು ವಾಹಕರು. ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ, ತಮ್ಮಲ್ಲಿ ಕಪ್ಪು ಕಾಳಿದೆ ಎಂದು ಅವರಿಗೇ ತಿಳಿದಿರುವುದಿಲ್ಲ. 1908ರಲ್ಲಿ ಹಾರ್ಡಿ, ವೈನ್‌ಬರ್ಗ್ ಎಂಬ ಇಬ್ಬರು ಬೇರೆ ಬೇರೆಯಾಗಿ ತೋರಿಸಿಕೊಟ್ಟ ಲೆಕ್ಕ ಇದು. ಸಂಬಂಧ ನೋಡದೆ ಮದುವೆಯಾಗುವ ಊರಿಗೆ ಇದು ಹೊಂದುತ್ತದೆ. ಸೋದರಮಾವ, ಅತ್ತೆಮಗ ಎಂದು ಒಳಗೊಳಗೇ ಕೊಟ್ಟು ತಂದರೆ ಕಪ್ಪಿಗೆ ಕಪ್ಪು ಸೇರುವುದು ಇನ್ನೂ ಹೆಚ್ಚು.

ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ಬಂತು, ಇನ್ನು ಮೂವರಿಗೆ ಬರದು ಎಂದು ತಿಳಿಯಬೇಡಿ. ಪ್ರತಿ ಸಲವೂ ಲೆಕ್ಕ ಹೊಸದು. ಇಬ್ಬರಿಂದಲೂ ಒಂದೊಂದು ಬಂದರೆ ಮಾತ್ರ ಈ ರೋಗ. ಆದ್ದರಿಂದ ಸೊಸೆಯನ್ನು ದೂರುವುದು ತಪ್ಪು. ಇದು ಶಾಪವಲ್ಲ, ಅಂಟುರೋಗವೂ ಅಲ್ಲ.

ಮದುವೆಗೆ ಮುಂಚೆ ಇಬ್ಬರೂ ರಕ್ತಪರೀಕ್ಷೆ ಮಾಡಿಸಿ. ಮದುವೆಯಾಗಿದ್ದರೆ ಬಸಿರಾದ ಕೂಡಲೇ ವೈದ್ಯರಿಗೆ ತಿಳಿಸಿ. ಮನೆಯಲ್ಲಿ ಒಬ್ಬರಿಗೆ ರೋಗವಿದ್ದರೆ ಒಡಹುಟ್ಟಿದವರಿಗೂ ಪರೀಕ್ಷೆ ಬೇಕು. 2023ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಗಿರಿಜನ ಪ್ರದೇಶಗಳ 40 ವರ್ಷದೊಳಗಿನವರಿಗೆ ತಪಾಸಣೆ ಇದೆ.

ರೋಗವಿರುವ ಮಗುವಿಗೆ ಚೆನ್ನಾಗಿ ನೀರು ಕುಡಿಸಿ, ಚಳಿಯಿಂದ ಕಾಪಾಡಿ. ವೈದ್ಯರು ಕೊಟ್ಟ ಮಾತ್ರೆ ತಪ್ಪಿಸಬೇಡಿ. ಜ್ವರ, ಎದೆನೋವು, ಏದುಸಿರು ಕಂಡರೆ ಬೆಳಗಾಗಲಿ ಎಂದು ಕಾಯದೆ ಕರೆತನ್ನಿ.