ಬರ ತಾಳುವ ಗೋವಿನಜೋಳ



ಮಳೆ ಕೈಕೊಟ್ಟ ವರ್ಷ ಗೋವಿನಜೋಳದ ಗಿಡ ನಿಂತೇ ಇರುತ್ತೆ. ತೆನೆ ಸುಲಿದರೆ ಕಾಳೇ ಇಲ್ಲ! ಯಾಕೆ ಗೊತ್ತೇನು?

ಗಿಡದ ತುದಿಯಲ್ಲಿರುವುದು ಗಂಡು ಹೂ. ಅದರ ಪುಡಿ ತೆನೆಯ ಕೂದಲಿನ ಮೇಲೆ ಬೀಳಬೇಕು. ಒಂದು ಕೂದಲಿಗೆ ಒಂದು ಕಾಳು. ನೀರು ಸಾಲದಿದ್ದರೆ ಕೂದಲು ತಡವಾಗಿ ಬರುತ್ತೆ. ಅಷ್ಟರಲ್ಲಿ ಪುಡಿ ಉದುರಿ ಹೋಗಿರುತ್ತೆ. ಕಾಳು ಕಟ್ಟುವುದು ಹೇಗೆ?

ಗೋವಿನಜೋಳದ ತವರು ಮೆಕ್ಸಿಕೋ ದೇಶ. 1970ರ ದಶಕದಲ್ಲಿ ಅಲ್ಲಿನ ಸಂಶೋಧನಾ ಕೇಂದ್ರದವರು ಮಳೆಯಿಲ್ಲದ ಕಾಲದಲ್ಲಿ ಇದನ್ನು ಬಿತ್ತಿದರು. ಹೂ ಬಿಡುವ ಹೊತ್ತಿಗೆ ಬೇಕೆಂದೇ ನೀರು ನಿಲ್ಲಿಸಿದರು. ಆಗಲೂ ಬೇಗ ಕೂದಲು ಬಂದು ಕಾಳು ಕಟ್ಟಿದ ಗಿಡಗಳನ್ನು ಆರಿಸಿದರು. ಅವನ್ನೇ ಒಂದಕ್ಕೊಂದು ಕೂಡಿಸಿ, ಬೀಜ ಪಡೆದು, ಮತ್ತೆ ಬಿತ್ತಿದರು. ಹೀಗೆ 8 ಸಲ ಆರಿಸಿದರು. ಬರದಲ್ಲೂ ಇಳುವರಿ ಹೆಚ್ಚಿತು.

ಆದರೆ ನೆನಪಿಡಿ. ಬರ ತಾಳುವ ಬೀಜಕ್ಕೂ ನೀರು ಬೇಕು. ಅದು ಇತರ ಬೀಜಕ್ಕಿಂತ ತುಸು ಹೆಚ್ಚು ತಾಳುತ್ತೆ, ಅಷ್ಟೇ. ನೀರು ಕಡಿಮೆಯಿದ್ದರೆ ಹೂ ಬಿಡುವಾಗ ತಪ್ಪದೆ ಕೊಡಿ.

ಬೀಜ ಕೊಳ್ಳುವಾಗ ಚೀಲದ ಚೀಟಿ ಓದಿ. ತಳಿಯ ಗುಣ ಕೇಳಿ. ರಸೀದಿ ಪಡೆಯಿರಿ. ಈಗ ನಿಮಗೆ ಓದಲು ಬರುತ್ತೆ. ಅಂಗಡಿಯವರು ಹೇಳಿದ್ದನ್ನೇ ಯಾಕೆ ನಂಬಬೇಕು?