ಯಾರೂ ಕುಡಿಯದ ಬೆಳ್ಳಿ ಬಟ್ಟಲು

ಇವತ್ತಿನ ಮಾತು ಶುರುವಾಗೋದು ಮಾರೇನಹಳ್ಳಿಯ ನಮ್ಮನೆ ಬೀರುವಿನಿಂದ.

ಕಳೆದ ವಾರ ಅಮ್ಮ ಬೀರು ಕ್ಲೀನ್ ಮಾಡ್ತಾ ಒಂದು ಬೆಳ್ಳಿ ಲೋಟ ತೆಗೆದ್ರು. ತಾತಂದು, ಅಂದ್ರೆ ಅಮ್ಮನ ಅಪ್ಪಂದು. ರಾಜಾಜಿನಗರದ ಕಡೆ ಒಂದು ಫ್ಯಾಕ್ಟರಿಯಲ್ಲಿದ್ರು. 25 ವರ್ಷ ಸರ್ವೀಸ್ ಆದಾಗ ಕೊಟ್ಟಿದ್ದು. ಅಂಚಿನಲ್ಲಿ ಹೆಸರು, ಟೋಕನ್ ನಂಬರ್, ಇಸವಿ ಕೆತ್ತಿದೆ. "ಬೆಳ್ಳಿ ರೇಟು ಚೆನ್ನಾಗಿದೆ ಕಣೇ, ಇದನ್ನ ಹಾಕಿ ಪಾಪುಗೆ ಕಾಲ್ಗೆಜ್ಜೆ ತಗೊಳ್ಳೋಣ" ಅಂದ್ರು. ಪಾಪು ನಮ್ಮಕ್ಕನ ಮಗಳು.

ಅಂಗಡಿಗೆ ಹೋದ್ವಿ. ಅವರು ಲೋಟಾನ ತಕ್ಕಡಿ ಮೇಲಿಟ್ಟು ತೂಕ ನೋಡಿದ್ರು, ಹೆಸರು ನೋಡ್ಲಿಲ್ಲ. ತಪ್ಪೇನಲ್ಲ ಬಿಡಿ, ಅಕ್ಷರಕ್ಕೆ ತೂಕ ಎಲ್ಲಿದೆ? ಆಗ ನನಗೆ ನೆನಪಾಗಿದ್ದು ರಷ್ಯಾದ ಕೋವ್ಷ್.

ಕೋವ್ಷ್ ಅಂದ್ರೆ ಒಂದು ಕಡೆ ಹಿಡಿ ಇರೋ, ದೋಣಿ ಆಕಾರದ ಬಟ್ಟಲು. ನೀರಲ್ಲಿ ತೇಲೋ ಬಾತುಕೋಳಿ ಥರ ಕಾಣುತ್ತೆ. ಮೊದಲು ಮರದಲ್ಲಿ ಮಾಡ್ತಿದ್ರು, ಜೇನಿನಿಂದ ಮಾಡಿದ ಮದ್ಯ ಕುಡಿಯೋಕೆ. ಆಮೇಲೆ ಬೆಳ್ಳಿಯಲ್ಲೂ ಬಂತು. 17 ಮತ್ತು 18ನೇ ಶತಮಾನದಲ್ಲಿ ಝಾರ್ ದೊರೆಗಳು ಇದನ್ನ ನಿಷ್ಠೆಯ ಸೇವೆಗೆ ಬಹುಮಾನವಾಗಿ ಕೊಡ್ತಿದ್ರು. ಒಳಗೆ ತಳದಲ್ಲಿ ಎರಡು ತಲೆಯ ಹದ್ದು. ಅಂಚಿನ ಸುತ್ತ ಬರಹ: ಯಾರು ಕೊಟ್ಟಿದ್ದು, ಯಾರಿಗೆ, ಯಾವ ಸೇವೆಗೆ. ಗಡಿ ಕಾಯ್ತಿದ್ದ ಕೊಸಾಕ್ ನಾಯಕರಿಗೆ ಸಿಕ್ತು. ಇನ್ನು ಕೆಲವರು ಯಾರು ಗೊತ್ತಾ? ಹೆಂಡದಂಗಡಿಗಳ ಸುಂಕ ವಸೂಲಿ ಮಾಡಿ ಖಜಾನೆ ತುಂಬಿಸಿದವರು! ನಮ್ಮ ಅಬಕಾರಿ ಇಲಾಖೆ ಇದ್ದ ಹಾಗೆ. ತಮಾಷೆ ಏನಂದ್ರೆ, ಹೆಂಡದ ದುಡ್ಡಿಗೆ ಬಂದ ಆ ಬಟ್ಟಲು ಬರಬರುತ್ತಾ ಕುಡಿಯೋಕಲ್ಲ, ಬರೀ ತೋರಿಸೋಕೆ ಇಡೋ ವಸ್ತು ಆಯ್ತು.

ಎರಡು ತಲೆಯ ಹಕ್ಕಿ ಅಂದ ತಕ್ಷಣ ನಮಗೆ ನೆನಪಾಗೋದು ಗಂಡಭೇರುಂಡ, ಮೈಸೂರು ಅರಸರ ಲಾಂಛನ. ಈಗ ರಾಜ್ಯ ಸರ್ಕಾರದ ಮುದ್ರೆಯಲ್ಲೂ ಇದೆ. ಮೈಸೂರು ಮಹಾರಾಜರು ಸೇವೆ ಮೆಚ್ಚಿ ಬಿರುದು ಕೊಡ್ತಿದ್ರು. ನಮ್ಮ ಬಿ.ಎಂ.ಶ್ರೀ ಅವರಿಗೆ ಕೊಟ್ಟ ಬಿರುದೇ 'ರಾಜಸೇವಾಸಕ್ತ'. ಬಿರುದನ್ನ ಯಾರೂ ಅಡ ಇಡೋಕಾಗಲ್ಲ, ಕರಗಿಸೋಕಾಗಲ್ಲ. ಬೆಳ್ಳಿಗೆ ಆ ಪುಣ್ಯ ಇಲ್ಲ. ಕರಗದೆ ಉಳಿದ ಕೋವ್ಷ್‌ಗಳು ಈಗ ಮಾಸ್ಕೋದ ಕ್ರೆಮ್ಲಿನ್ ಮ್ಯೂಸಿಯಂನಂಥ ಕಡೆ ಇವೆ. ಯಾವುದೋ ಊರಿನ ಸುಂಕದವನ ಹೆಸರನ್ನ ಇವತ್ತೂ ಓದಬಹುದು, ಅಂಚಿನ ಆ ಒಂದು ಸಾಲಿನಿಂದ.

ಅಂಗಡಿಯಲ್ಲಿ ಮೆಲ್ಲಗೆ ಕೇಳಿದೆ, "ಅಮ್ಮ, ತಾತ ಇದರಲ್ಲಿ ಯಾವತ್ತಾದ್ರೂ ಕುಡಿದಿದ್ರಾ?"

"ಒಂದ್ಸಲಾನೂ ಇಲ್ಲ ಕಣೇ. ಕಾಫಿಗೆ ಸ್ಟೀಲ್ ಲೋಟಾನೇ ಆಗ್ಬೇಕಿತ್ತು ಅವರಿಗೆ. ಆದ್ರೆ ನೆಂಟರು ಬಂದ್ರೆ ಸಾಕು, ಇದನ್ನ ತಂದು ಹೆಸರು ಓದಿಸೋರು."

ಹಾಗಂದು ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ ಲೋಟ ವಾಪಸ್ ತಗೊಂಡು, ಸೆರಗಲ್ಲಿ ಒರೆಸಿ ಬ್ಯಾಗಿಗೆ ಹಾಕ್ಕೊಂಡ್ರು. ಗೆಜ್ಜೆ ದುಡ್ಡು? ನನ್ನ ಗೂಗಲ್ ಪೇಯಿಂದ ಹೋಯ್ತು. ಸರಿ, ಮುಂದಿನ ವಾರ ಸಿಗೋಣ.